ಅಜ್ಜ ಹರಾಜಿನಲ್ಲಿ ತಂದ ಫ್ರೆಂಚ್ ಡ್ರಾವರ್ ಪೆಟ್ಟಿಗೆ: ಕಲ್ಲಿನ ಕೆಳಗೆ ಒಂದು ಹೆಸರು ಸಿಕ್ಕಿದೆ, ಯಾರದ್ದು?

ಟಿಳಕವಾಡಿ ಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಳಗಾವಿ. ಗಣಪತಿ ಹಬ್ಬದೊಳಗೆ ಮನೆಗೆ ಬಣ್ಣ ಹಚ್ಚಿಸೋಣ ಅಂತ ಹೋದ ವಾರ ಸಾಮಾನು ಸರಿಸುತ್ತಿದ್ದೆವು. ನಡುಮನೆಯಲ್ಲಿ ಒಂದು ಹಳೆಯ ಡ್ರಾವರ್ ಪೆಟ್ಟಿಗೆ ಇದೆ. 1947ರಲ್ಲಿ ಕ್ಯಾಂಪ್‌ನ ಬಂಗಲೆ ಖಾಲಿ ಮಾಡಿಕೊಂಡು ಹೋದ ಸಾಹೇಬರೊಬ್ಬರ ಸಾಮಾನು ಹರಾಜಾದಾಗ ನಮ್ಮ ಅಜ್ಜ ತಂದದ್ದು. ಮನೆಯಲ್ಲಿ ಅದಕ್ಕೆ 'ಸಾಹೇಬರ ಪೆಟ್ಟಿಗೆ' ಅಂತಲೇ ಹೆಸರು. ಆಯಿ ಅದರಲ್ಲಿ ಇಳಕಲ್ ಸೀರೆ ಇಡುತ್ತಿದ್ದರು. ಈಗಲೂ ಡ್ರಾವರ್ ಎಳೆದರೆ ಡಾಂಬರು ಗುಳಿಗೆಯ ವಾಸನೆ ಬರುತ್ತದೆ.

ಅಗಲ 4 ಅಡಿ, ಎತ್ತರ 3 ಅಡಿಗಿಂತ ಸ್ವಲ್ಪ ಕಡಿಮೆ. ಎರಡೇ ಡ್ರಾವರ್, ಎರಡೂ ದೊಡ್ಡವು. ಮುಂಭಾಗ ಸಪಾಟಾಗಿಲ್ಲ, ಹೊಟ್ಟೆ ಉಬ್ಬಿದ ಹಾಗೆ ಇದೆ, ಪಕ್ಕಗಳೂ ಹಾಗೇ. ಮೇಲೆ ಕೆಂಪು-ಬೂದು ಬಣ್ಣದ ಮಾರ್ಬಲ್ ಕಲ್ಲು. ಮರದ ಮೇಲೆ ಹೂಬಳ್ಳಿ ಚಿತ್ತಾರ, ಆದರೆ ಬಣ್ಣದಿಂದ ಬರೆದದ್ದಲ್ಲ, ಬೇರೆ ಬೇರೆ ಮರದ ಚೂರು ಕೂಡಿಸಿ ಮಾಡಿದ್ದು. ಮೂಲೆಗಳಲ್ಲಿ ಹಿತ್ತಾಳೆಯ ಎಲೆಬಳ್ಳಿ, ಹಿಡಿಕೆಗಳೂ ಹಿತ್ತಾಳೆಯವು.

ಇಷ್ಟು ವರ್ಷ ಯಾರೂ ಎತ್ತದ ಆ ಕಲ್ಲನ್ನು ಈಗ ನಾಲ್ಕು ಜನ ಸೇರಿ ಎತ್ತಿದೆವು. ಕೆಳಗೆ ಮುಂದಿನ ಎಡ ಮೂಲೆಯ ಕಂಬದ ತಲೆಯ ಮೇಲೆ ಮುದ್ರೆ ಒತ್ತಿದ ಹಾಗೆ ಇಂಗ್ಲಿಷ್ ಅಕ್ಷರಗಳಿವೆ: ಮೊದಲು ಒಂದು ಐ, ಆಮೇಲೆ ಚುಕ್ಕೆ, ಆಮೇಲೆ ಡಿ ಯು ಬಿ ಓ ಐ ಎಸ್. ಪಕ್ಕದಲ್ಲಿ ಇನ್ನೊಂದು ಚಿಕ್ಕ ಮುದ್ರೆ ಇದೆ, ಸವೆದಿದೆ, ಕೊನೆಯ ಅಕ್ಷರ ಇ ಅನ್ನಿಸುತ್ತದೆ.

ಈಗ ತೊಂದರೆ ಏನು ಅಂದರೆ, ಕೆಳಗಿನ ಡ್ರಾವರ್‌ನ ಬಲ ಮೂಲೆಯಲ್ಲಿ ಮೇಲಿನ ಪದರ ಎದ್ದಿದೆ, ಕೈಯಷ್ಟು ಅಗಲ. ನಾಲ್ಕೈದು ಚೂರು ಉದುರಿವೆ. ಬಣ್ಣದ ಕೆಲಸಕ್ಕೆ ಬಂದವರ ಜೊತೆ ಇದ್ದ ಪಾಲಿಶ್ ಹುಡುಗ, ಮಶಿನ್ ಹಾಕಿ ಉಜ್ಜಿ, ಫೆವಿಕಾಲ್ ಹಚ್ಚಿ, ಟಚ್‌ವುಡ್ ವಾರ್ನಿಶ್ ಹೊಡೆದರೆ ಹೊಸದಾಗುತ್ತದೆ ಅಂದ. ಹಳೆ ಸಾಮಾನು ಕೊಳ್ಳುವ ಒಬ್ಬರು ನೋಡಿ 60 ಸಾವಿರ ಕೊಡುತ್ತೇನೆ, ನಾಳೆಯೇ ಗಾಡಿ ತರುತ್ತೇನೆ ಅಂದರು. ಆ ಅವಸರ ನೋಡಿಯೇ ನನಗೆ ಸಂಶಯ ಬಂತು. ಮಾರುವ ಮನಸ್ಸು ನನಗಿಲ್ಲ. ಮಾಡಿದವರು ಯಾರು, ಎಷ್ಟು ಹಳೆಯದು, ರಿಪೇರಿ ಹೇಗೆ, ಗೊತ್ತಿದ್ದವರು ದಯವಿಟ್ಟು ಹೇಳಿ.

ಖಾನಾಪುರ ರೋಡ್:

ಅಕ್ಕ, ಮೊದಲು ಆ ಮಶಿನ್‌ನವರನ್ನು ನಿಲ್ಲಿಸಿ. ಉಳಿದದ್ದೆಲ್ಲ ಆಮೇಲೆ.

ನಾನು ಹದಿನೈದು ವರ್ಷದಿಂದ ಹಳೆಯ ಪೀಠೋಪಕರಣಗಳ ಬಗ್ಗೆ ಓದುತ್ತಿದ್ದೇನೆ, ಮ್ಯೂಸಿಯಂಗಳಲ್ಲಿ ನೋಡಿದ್ದೇನೆ. ನೀವು ಹೇಳಿದ ಆಕಾರ ಫ್ರಾನ್ಸಿನ ಹದಿನೈದನೇ ಲೂಯಿ ಕಾಲದ ಶೈಲಿಯದು. ಇಂಥ ಡ್ರಾವರ್ ಪೆಟ್ಟಿಗೆಗೆ ಅಲ್ಲಿ 'ಕಮೋಡ್' ಅನ್ನುತ್ತಾರೆ. ನಮ್ಮಲ್ಲಿ ಆ ಮಾತು ಕೇಳಿದರೆ ಬೇರೆ ಅರ್ಥ ಬರುತ್ತದೆ, ಆದರೆ ಫ್ರೆಂಚ್‌ನಲ್ಲಿ ಅದಕ್ಕೆ 'ಅನುಕೂಲದ್ದು' ಅಂತ ಅರ್ಥ. ಅದಕ್ಕೂ ಮೊದಲು ಬಟ್ಟೆಗಳನ್ನು ಮುಚ್ಚಳದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು, ಕೆಳಗಿನ ಬಟ್ಟೆ ಬೇಕಾದರೆ ಮೇಲಿನದೆಲ್ಲ ತೆಗೆಯಬೇಕು. ಡ್ರಾವರ್ ಬಂದ ಮೇಲೆ ಆ ಕಷ್ಟ ತಪ್ಪಿತು. ರಾಜನ ಬಡಿಗ ಆಂದ್ರೆ-ಶಾರ್ಲ್ ಬುಲ್ 1708ರ ಹೊತ್ತಿಗೆ ವರ್ಸೈಯ ಗ್ರ್ಯಾಂಡ್ ಟ್ರಿಯಾನನ್ ಅರಮನೆಗೆ ಮಾಡಿಕೊಟ್ಟ ಎರಡು ಪೆಟ್ಟಿಗೆ ಇದರ ಆರಂಭದ ಮಾದರಿಗಳಲ್ಲಿ ಸೇರುತ್ತವೆ.

ಈಗ ನಿಮ್ಮ ಮುದ್ರೆ. ಆ 'ಐ' ಅಂದರೆ ಜೆ. ಆ ಕಾಲದ ಮುದ್ರೆಗಳಲ್ಲಿ ಜೆ ಬದಲು ಐ ಹಾಕುತ್ತಿದ್ದರು. ಹೆಸರು ಜಾಕ್ ದ್ಯುಬುವಾ. ಪ್ಯಾರಿಸ್‌ನವನು, 1742ರಲ್ಲಿ ಅಲ್ಲಿಯ ಮರಗೆಲಸದವರ ಸಂಘದಿಂದ ಮಾಸ್ಟರ್ ಪದವಿ ಪಡೆದ, 1763ರಲ್ಲಿ ತೀರಿಕೊಂಡ. ಪೋಲೆಂಡಿನ ಬ್ರಾನಿಟ್ಸ್ಕಿ ಎಂಬ ದೊಡ್ಡ ಜಮೀನ್ದಾರನಿಗೆ ಅವನು ಮಾಡಿದ ಗಡಿಯಾರವಿರುವ ಮೂಲೆ ಕಪಾಟು ಈಗ ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿದೆ. ಎತ್ತರ 9 ಅಡಿಗೂ ಜಾಸ್ತಿ.

ಚಿಕ್ಕ ಮುದ್ರೆ ಬಹುಶಃ ಜೆ ಎಂ ಇ, ಅಂದರೆ ಆ ಸಂಘದ ಒಪ್ಪಿಗೆಯ ಗುರುತು. ಪ್ಯಾರಿಸ್‌ನಲ್ಲಿ ಮರಗೆಲಸದವರ ಸಂಘ ತುಂಬಾ ಕಟ್ಟುನಿಟ್ಟಿನದು. 1743ರ ನಿಯಮದ ಪ್ರಕಾರ ಪ್ರತಿ ಮಾಸ್ಟರ್ ತಾನು ಮಾಡಿದ ಸಾಮಾನಿನ ಮೇಲೆ ತನ್ನ ಹೆಸರಿನ ಮುದ್ರೆ ಹೊಡೆಯಬೇಕು. ಆ ನಿಯಮ ಪೂರ್ತಿ ಜಾರಿಗೆ ಬಂದದ್ದು 1751ರಲ್ಲಿ. ಸಂಘದ ಪಂಚರು ವರ್ಷಕ್ಕೆ ನಾಲ್ಕು ಸಲ ಕಾರ್ಖಾನೆಗೆ ಬಂದು ಕೆಲಸ ನೋಡಿ, ಒಪ್ಪಿಗೆಯಾದರೆ ಜೆ ಎಂ ಇ ಒತ್ತುತ್ತಿದ್ದರು. 1791ರಲ್ಲಿ ಕ್ರಾಂತಿಯ ಸರ್ಕಾರ ಈ ಸಂಘಗಳನ್ನೇ ರದ್ದು ಮಾಡಿತು, ಮುದ್ರೆಯ ಕಡ್ಡಾಯವೂ ಹೋಯಿತು.

ಆದರೆ ಈಗಲೇ ಖುಷಿಪಡಬೇಡಿ. ಎರಡು ತೊಡಕು ಇವೆ. ಜಾಕ್ ತೀರಿಕೊಂಡ ಮೇಲೆ ಅವನ ಹೆಂಡತಿ ಕಾರ್ಖಾನೆ ನಡೆಸಿದಳು, ಮಗ ರೆನೆ ಮುಂದುವರಿಸಿದ, ಮತ್ತು ಅವರು ಅದೇ ಮುದ್ರೆ ಬಳಸಿದರು. ಅಂದರೆ ಮುದ್ರೆ ನಿಜವಾದದ್ದೇ ಆದರೂ ಯಾರ ಕೈ ಅಂತ ಅದೊಂದರಿಂದ ಗೊತ್ತಾಗುವುದಿಲ್ಲ. ಎರಡನೆಯದು, ಹತ್ತೊಂಬತ್ತನೇ ಶತಮಾನದಲ್ಲಿ ಈ ಶೈಲಿಗೆ ಮತ್ತೆ ಭಾರಿ ಬೇಡಿಕೆ ಬಂತು, ಪ್ಯಾರಿಸ್‌ನಲ್ಲೇ ನಕಲುಗಳನ್ನು ತುಂಬಾ ಚೆನ್ನಾಗಿ ಮಾಡಿದರು. ಹೆಸರಿಗೆ ಬೆಲೆ ಬಂದ ಮೇಲೆ ಸುಳ್ಳು ಮುದ್ರೆ ಹೊಡೆದವರೂ ಇದ್ದಾರೆ. ಕಬ್ಬಿಣದ ಅಚ್ಚು ಮಾಡಿಸಿ ಸುತ್ತಿಗೆಯಿಂದ ಒಂದು ಏಟು ಹಾಕುವುದು ಕಷ್ಟದ ಕೆಲಸವಲ್ಲ ಅಲ್ವಾ?

ಅದಕ್ಕೇ ಹೆಸರನ್ನು ಪಕ್ಕಕ್ಕಿಟ್ಟು ಮರ ನೋಡಿ. ಉದುರಿದ ಚೂರಿನ ದಪ್ಪ ಅಳೆದು ಹೇಳಿ. ಡ್ರಾವರ್ ಪೂರ್ತಿ ಹೊರಗೆ ಎಳೆದು ಒಳಮರ ಯಾವುದು, ಹಿಡಿಕೆಯ ಹಿಂದೆ ಎಷ್ಟು ತೂತು ಇವೆ ನೋಡಿ. ಹಿತ್ತಾಳೆಯ ಮೇಲೆ ಕಿರೀಟ ಇಟ್ಟ 'ಸಿ' ಅಕ್ಷರ ಏನಾದರೂ ಕಾಣುತ್ತದಾ ಅಂತಲೂ ಹುಡುಕಿ, ಕಡಲೆಕಾಳಿಗಿಂತ ಚಿಕ್ಕದಿರುತ್ತದೆ. ಫ್ರಾನ್ಸಿನಲ್ಲಿ 1745ರಿಂದ 1749ರವರೆಗೆ ಮಾತ್ರ ತಾಮ್ರ ಬೆರೆತ ಲೋಹದ ಮೇಲೆ ತೆರಿಗೆ ಇತ್ತು, ಅದರ ಗುರುತು ಅದು. ಸಿಕ್ಕರೆ ಒಳ್ಳೆಯ ಸುಳಿವು, ಸಿಗದಿದ್ದರೆ ಅದರಿಂದ ಏನೂ ತೀರ್ಮಾನವಾಗುವುದಿಲ್ಲ.

ಇನ್ನೊಂದು: ಹಿತ್ತಾಳೆ ಅಂತ ಹುಣಸೆಹಣ್ಣು, ಪೀತಾಂಬರಿ ಹಾಕಿ ತಿಕ್ಕಬೇಡಿ!! ಅದು ಚಿನ್ನದ ನೀರು ಹತ್ತಿಸಿದ ಕಂಚು ಇರಬಹುದು. ಆಗ ಚಿನ್ನವನ್ನು ಪಾದರಸದಲ್ಲಿ ಕಲಸಿ ಬಳಿದು, ಬೆಂಕಿಯಲ್ಲಿ ಪಾದರಸ ಹಾರಿಸುತ್ತಿದ್ದರು, ಆ ಹೊಗೆಯಿಂದ ಎಷ್ಟೋ ಕೆಲಸಗಾರರ ಆಯುಷ್ಯ ಕಡಿಮೆಯಾಯಿತು. ಅಷ್ಟು ಕಷ್ಟದಿಂದ ಹತ್ತಿಸಿದ ಚಿನ್ನ ಹುಣಸೆಹಣ್ಣಿನ ತಿಕ್ಕಾಟಕ್ಕೆ ಹೋಗಬಾರದು. ಒಣ ಮೆತ್ತನೆ ಬಟ್ಟೆಯಿಂದ ಧೂಳು ಒರೆಸಿ, ಸಾಕು.

ಶಹಾಪುರ ಬಡಿಗೇರ:

ತಂಗಿ, ನಾನು ಶಹಾಪುರದವನು, 68 ವರ್ಷ. ಹದಿಮೂರನೇ ವಯಸ್ಸಿನಿಂದ ಉಳಿ ಹಿಡಿದವನು. ನಮ್ಮ ತಂದೆ ಕ್ಯಾಂಪ್‌ನ ಬಂಗಲೆಗಳ ಸಾಮಾನು ರಿಪೇರಿ ಮಾಡುತ್ತಿದ್ದರು, ಹೀಗಾಗಿ ಈ ತರಹದ ಕೆಲಸ ಕಣ್ಣಾರೆ ನೋಡಿದ್ದೇನೆ. ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ.

ನಿನ್ನ ಪೆಟ್ಟಿಗೆಯ ಮೇಲಿನ ಪದರ ವಿನಿಯರ್, ಅಂದರೆ ಮರದ ತೆಳು ಹಾಳೆ. ಈಗಿನ ಹುಡುಗರಿಗೆ ವಿನಿಯರ್ ಅಂದರೆ ಅಂಗಡಿಯಲ್ಲಿ ಸಿಗುವ ಹಾಳೆ. ಅದು ಬ್ಲೇಡ್‌ನಿಂದ ಸುಲಿದದ್ದು, ದಪ್ಪ ಅರ್ಧ ಮಿಲಿಮೀಟರ್. ಆ ಕಾಲದಲ್ಲಿ ಬ್ಲೇಡ್ ಮಶಿನ್ ಎಲ್ಲಿಯದು? ದಿಮ್ಮಿಯನ್ನು ನೆಟ್ಟಗೆ ನಿಲ್ಲಿಸಿ ಬಿಗಿದು, ಇಬ್ಬರು ಆ ಕಡೆ ಈ ಕಡೆ ನಿಂತು ಚೌಕಟ್ಟಿನ ಗರಗಸ ಎಳೆದು ಹಾಳೆ ತೆಗೆಯುತ್ತಿದ್ದರು. ಕೈ ಸ್ವಲ್ಪ ವಾಲಿದರೆ ಹಾಳೆ ಹೋಯಿತು. ಎಷ್ಟು ಹುಷಾರಾಗಿ ಕೊಯ್ದರೂ ಒಂದು ಮಿಲಿಮೀಟರ್‌ನಿಂದ ಎರಡರವರೆಗೆ ದಪ್ಪ ಬರುತ್ತದೆ, ಒಂದೇ ಹಾಳೆಯಲ್ಲೂ ಹೆಚ್ಚು ಕಡಿಮೆ ಇರುತ್ತದೆ. ಹಿಂಬದಿಯಲ್ಲಿ ಗರಗಸದ ಗೆರೆ ನೇರವಾಗಿ, ಸ್ವಲ್ಪ ಸೊಟ್ಟ ಸೊಟ್ಟ ಇರುತ್ತವೆ. ಗೆರೆ ಬಿಲ್ಲಿನ ಹಾಗೆ ಬಾಗಿದ್ದರೆ ಅದು ಚಕ್ರದ ಗರಗಸ, ಅಂದರೆ ಈಚಿನ ಕಾಲದ್ದು. ಉದುರಿದ ಚೂರು ತಿರುಗಿಸಿ ನೋಡು.

ಮತ್ತೆ ಆ ಅಂಟು. ಅದು ಸರೇಸು. ದನದ ತೊಗಲು, ಎಲುಬು ಬೇಯಿಸಿ ತೆಗೆದ ಅಂಟು. ರಾತ್ರಿ ನೀರಲ್ಲಿ ನೆನೆಹಾಕಬೇಕು, ಬೆಳಿಗ್ಗೆ ನೀರಿನ ಪಾತ್ರೆಯೊಳಗೆ ಇನ್ನೊಂದು ಡಬ್ಬಿ ಇಟ್ಟು ಬೆಚ್ಚಗೆ ಕರಗಿಸಬೇಕು. ಕುದಿಸಿದರೆ ಸತ್ತೇ ಹೋಯಿತು, ಹಿಡಿಯುವುದಿಲ್ಲ. ನಮ್ಮ ಓಣಿಯಲ್ಲಿ ಚಳಿಗಾಲದ ಬೆಳಿಗ್ಗೆ ಎಲ್ಲ ಮನೆಯಿಂದ ಆ ವಾಸನೆ ಬರುತ್ತಿತ್ತು, ಹೆಂಗಸರು ಬೈಯುತ್ತಿದ್ದರು. ಆದರೆ ಅದರ ದೊಡ್ಡ ಗುಣ ಏನು ಗೊತ್ತಾ, ನೂರು ವರ್ಷ ಬಿಟ್ಟು ಬಿಸಿ ಮತ್ತು ಹಸಿ ತೋರಿಸಿದರೂ ಮತ್ತೆ ಮೆತ್ತಗಾಗುತ್ತದೆ. ಮುಂದೆ ರಿಪೇರಿ ಮಾಡುವವನಿಗೆ ಬಾಗಿಲು ತೆರೆದಿಟ್ಟ ಹಾಗೆ. ಫೆವಿಕಾಲ್ ಹಾಗಲ್ಲ. ಪ್ಲೈವುಡ್‌ಗೆ ಅದು ಬಂಗಾರ, ನಾನೂ ದಿನಾ ಬಳಸಿದ್ದೇನೆ. ಆದರೆ ಸರೇಸಿನ ಜಾಗದಲ್ಲಿ ಒಮ್ಮೆ ಅದು ಇಳಿದರೆ ಮರದ ಎಳೆಯೊಳಗೆ ಕೂತುಬಿಡುತ್ತದೆ, ಮುಂದೆ ಸರೇಸು ಹಿಡಿಯುವುದಿಲ್ಲ, ಬಿಡಿಸಲು ಹೋದರೆ ಮರವೇ ಕಿತ್ತು ಬರುತ್ತದೆ.

ಮಶಿನ್ ಹಾಕಿ ಉಜ್ಜುವ ಮಾತಂತೂ ಬೇಡವೇ ಬೇಡ. ಒಂದೂವರೆ ಮಿಲಿಮೀಟರ್ ಹಾಳೆ, ಅದರಲ್ಲಿ ಮೊದಲೇ ಎಷ್ಟು ಸವೆದಿದೆಯೋ. ಉಬ್ಬಿದ ಹೊಟ್ಟೆಯ ಮೇಲೆ ಮಶಿನ್ ಇಟ್ಟರೆ ಒಂದು ನಿಮಿಷದಲ್ಲಿ ಒಳಮರ ಕಾಣುತ್ತದೆ. ಹೂಬಳ್ಳಿ ಹೋದ ಮೇಲೆ ಯಾರು ತಂದುಕೊಡುತ್ತಾರೆ?

ಟಚ್‌ವುಡ್ ಕೂಡ ಬೇಡ. ಅದರ ಮೇಲೆ ಇರುವುದು ಅರಗಿನ ಪಾಲಿಶ್ ಇರಬೇಕು. ಚಪಡಾ ಅಂತ ಸಿಗುತ್ತದಲ್ಲ, ಅದನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಅರಿವೆ ಉಂಡೆಯಿಂದ ಸುತ್ತಿ ಸುತ್ತಿ ತಿಕ್ಕುವುದು. ಅದಕ್ಕೆ 'ಫ್ರೆಂಚ್ ಪಾಲಿಶ್' ಅಂತ ಹೆಸರು, ಅರಗು ಮಾತ್ರ ನಮ್ಮ ದೇಶದ್ದು.

ವಿಜಯಪುರ ಬಿಸಿಲು:

ಮುದ್ರೆ ಗಿದ್ರೆ ನನಗೆ ಗೊತ್ತಿಲ್ಲ, ಒಂದು ಅನುಭವ ಹೇಳಬೇಕು ಅನ್ನಿಸಿತು. ನಮ್ಮ ಮಾವನವರ ಮನೆ ಬೆಳಗಾವಿಯಲ್ಲಿ. ಅಲ್ಲಿಂದ ಒಂದು ಹಳೆಯ ವಿನಿಯರ್ ಬರೆಯುವ ಮೇಜನ್ನು ಫೆಬ್ರವರಿಯಲ್ಲಿ ವಿಜಯಪುರಕ್ಕೆ ತಂದೆ. ಐವತ್ತು ವರ್ಷ ಅಲ್ಲಿ ಸುಮ್ನೆ ಇದ್ದ ಮೇಜು. ಏಪ್ರಿಲ್ ಮುಗಿಯುವುದರೊಳಗೆ ರಾತ್ರಿ ಹೊತ್ತು ಟಪ್ ಟಪ್ ಅಂತ ಸದ್ದು ಶುರುವಾಯಿತು. ಹಾಳೆ ಬಿರಿಯುತ್ತಿತ್ತು. ನಾನು ಹೊಸದಾಗಿ ಹಾಕಿಸಿದ ಕೂಲರ್ ಅದರ ಪಕ್ಕಕ್ಕೇ ಇತ್ತು, ಹಗಲು ಹಸಿ ಗಾಳಿ, ರಾತ್ರಿ ಒಣ ಸೆಕೆ. ಒಳಗಿನ ಹಲಗೆ ಕುಗ್ಗುತ್ತದೆ, ಮೇಲಿನ ಹಾಳೆ ಬೇರೆ ಮರದ್ದು, ಅದರ ಎಳೆ ಬೇರೆ ದಿಕ್ಕಿಗೆ, ಅದು ಜೊತೆಗೆ ಕುಗ್ಗುವುದಿಲ್ಲ, ಹೀಗಾಗಿ ಎದ್ದು ಬಿಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಈಗಲೂ ಆ ಮೇಜು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಿಮ್ಮ ಪೆಟ್ಟಿಗೆ ಬೆಳಗಾವಿಯ ಮಳೆಗೆ, ಚಳಿಗೆ ಒಗ್ಗಿಕೊಂಡಿದೆ. ಜಾಗ ಬದಲಿಸಬೇಡಿ. ಬಿಸಿಲು ಬೀಳುವ ಕಿಟಕಿ, ಕೂಲರ್, ಎಸಿ ಯಾವುದೂ ಹತ್ತಿರ ಬೇಡ. ಹೊರಗಿನ ಗೋಡೆಗೆ ತಾಗಿಸಿದ್ದರೆ ಒಂದು ಗೇಣು ಈಚೆ ಎಳೆದು ಇಡಿ. ಮತ್ತೆ ಆ ಕಲ್ಲು ಎಲ್ಲಿಟ್ಟಿದ್ದೀರಿ? ಮಾರ್ಬಲ್ ಕಲ್ಲನ್ನು ಅಡ್ಡ ಮಲಗಿಸಿ ಎತ್ತಿದರೆ ನಡುವೆ ಮುರಿಯುತ್ತದೆ, ಯಾವಾಗಲೂ ಅಂಚಿನ ಮೇಲೆ ನಿಲ್ಲಿಸಿಯೇ ಒಯ್ಯಬೇಕು.

ಟಿಳಕವಾಡಿ ಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಾಲಿಶ್ ಹುಡುಗನಿಗೆ ಬೇಡ ಅಂತ ಹೇಳಿ ಕಳಿಸಿದೆ. ಕಲ್ಲು ಈಗ ಗೋಡೆಗೆ ನಿಲ್ಲಿಸಿದ್ದೇವೆ, ಕೆಳಗೆ ಹಳೆಯ ಕೌದಿ ಹಾಕಿ. ಎತ್ತುವಾಗ ಮಲಗಿಸಿಯೇ ಎತ್ತಿದ್ದೆವು, ಪುಣ್ಯಕ್ಕೆ ಏನೂ ಆಗಲಿಲ್ಲ.

ನಿನ್ನೆ ಮಗನ ಜೊತೆ ಕೂತು ಎಲ್ಲ ನೋಡಿದೆ. ಉದುರಿದ ಚೂರು ಅವನ ಕಾಲೇಜಿನ ವರ್ನಿಯರ್‌ನಲ್ಲಿ ಅಳೆದರೆ ಒಂದು ಕಡೆ 1.4 ಮಿ.ಮೀ., ಇನ್ನೊಂದು ಕಡೆ 1.7. ಹಿಂಬದಿಯ ಗೆರೆ ನೇರವಾಗಿಯೇ ಇವೆ, ಬಾಗಿಲ್ಲ. ಕಲ್ಲಿನ ಕೆಳಬದಿ ಉಳಿಯಿಂದ ಕೆತ್ತಿದ ಹಾಗೆ ಒರಟಾಗಿದೆ. ಒಳಮರ ತಿಳಿ ಕಂದು, ಅದರಲ್ಲಿ ಅಡ್ಡಡ್ಡ ಹೊಳೆಯುವ ಮಚ್ಚೆ ಇವೆ, ಸಾಗವಾನಿ ಅಂತೂ ಅಲ್ಲ. ಹಿಡಿಕೆ ಬಿಚ್ಚಿದಾಗ ಆಶ್ಚರ್ಯ ಆಯಿತು. ಹೊರಗೆಲ್ಲ ಒಣ ಹುಲ್ಲಿನ ಬಣ್ಣ ಇರುವ ಮರ ಹಿಡಿಕೆಯ ಅಡಿಯಲ್ಲಿ ಗುಲಾಬಿ ಪಟ್ಟೆ ಪಟ್ಟೆ ಇದೆ, ಪಕ್ಕದ್ದು ನೇರಳೆ. ಇಡೀ ಪೆಟ್ಟಿಗೆ ಒಂದು ಕಾಲಕ್ಕೆ ಹೀಗಿತ್ತಾ? ಹಿಡಿಕೆಗೆ ಎರಡೇ ತೂತು, ಬೇರೆ ಹಳೆಯ ತೂತು ಇಲ್ಲ. ಕಿರೀಟದ ಸಿ ಸಿಗಲಿಲ್ಲ.

ಒಂದು ವಿಷಯ ಮಾತ್ರ ಹೊಂದುತ್ತಿಲ್ಲ. ಕೆಳಗಿನ ಡ್ರಾವರ್‌ನ ತಳದ ಹಲಗೆ ಸಾಗವಾನಿಯದು, ಮತ್ತು ಅದರ ಅಡಿಗೆ ಪೆನ್ಸಿಲ್‌ನಲ್ಲಿ ಏನೋ ಬರೆದಿದೆ, ಕನ್ನಡ ಅಲ್ಲ, ದೇವನಾಗರಿಯೂ ಅಲ್ಲ. ಹಾಗಾದರೆ ಇದು ಇಲ್ಲೇ ಮಾಡಿದ ನಕಲಾ?

ಖಾನಾಪುರ ರೋಡ್:

ಓದುತ್ತಾ ಓದುತ್ತಾ ಎದೆ ಬಡಿದುಕೊಂಡಿತು ಅಕ್ಕ! ಹೊಳೆಯುವ ಮಚ್ಚೆ ಇರುವ ತಿಳಿ ಕಂದು ಮರ ಓಕ್ ಇರಬೇಕು. ಪ್ಯಾರಿಸ್‌ನ ಒಳ್ಳೆಯ ಕಾರ್ಖಾನೆಗಳು ಒಳಮರಕ್ಕೆ ಸಾಮಾನ್ಯವಾಗಿ ಅದನ್ನೇ ಬಳಸುತ್ತಿದ್ದವು. ಗುಲಾಬಿ ಪಟ್ಟೆಯದನ್ನು ಫ್ರೆಂಚರು 'ಬುವಾ ದ ರೋಸ್' ಅನ್ನುತ್ತಾರೆ, ನೇರಳೆಯದು 'ಬುವಾ ದ ವಿಯೊಲೆತ್'. ಎರಡೂ ಬ್ರೆಜಿಲ್‌ನಿಂದ ಹಡಗಿನಲ್ಲಿ ಬರುತ್ತಿದ್ದ ಮರಗಳು. ರೋಸ್ ಅಂತ ಹೆಸರಿದೆ ಅಂತ ನಮ್ಮ ರೋಸ್‌ವುಡ್, ಅಂದರೆ ಬೀಟೆ, ಅಂತ ತಿಳಿಯಬೇಡಿ. ಆದರೆ ಸಂಬಂಧ ಇದೆ: ಬೀಟೆ, ಶೀಶಮ್, ಈ ಎರಡು ಬ್ರೆಜಿಲ್ ಮರ, ಎಲ್ಲವೂ ಡಾಲ್ಬರ್ಜಿಯಾ ಅನ್ನುವ ಒಂದೇ ಕುಲದವು. ನಮ್ಮ ಖಾನಾಪುರದ ಕಾಡಿನ ಬೀಟೆಗೆ ನಿಮ್ಮ ಪೆಟ್ಟಿಗೆ ದೂರದ ನೆಂಟ.

ಹೌದು, ಇಡೀ ಪೆಟ್ಟಿಗೆ ಒಂದು ಕಾಲಕ್ಕೆ ಹಾಗೇ ಇತ್ತು. ಗುಲಾಬಿ, ನೇರಳೆ, ಅದರ ಮೇಲೆ ಬಂಗಾರ. ಬೆಳಕು ಅದನ್ನು ಹುಲ್ಲಿನ ಬಣ್ಣಕ್ಕೆ ತಂದಿದೆ. ಆ ಬಣ್ಣ ವಾಪಸ್ ತರುತ್ತೇನೆ ಅಂತ ಯಾರಾದರೂ ಹೇಳಿದರೆ ಅವರು ಮೇಲಿನ ಪದರ ಕೆರೆಯುತ್ತಾರೆ ಅಂತ ಅರ್ಥ, ಮುಟ್ಟಲು ಬಿಡಬೇಡಿ.

ತಳದ ಹಲಗೆ ಬಗ್ಗೆ ಹೆದರಬೇಡಿ. ತಳ ಯಾವಾಗಲೂ ಮೊದಲು ಹೋಗುವ ಭಾಗ. ಮೂಲದ್ದು ಒಡೆದಾಗ ಇಲ್ಲಿಯ ಬಡಿಗ ಯಾರೋ ಸಾಗವಾನಿ ಹಾಕಿದ್ದಾರೆ. ನಾನು ಇಷ್ಟು ಹೇಳಬಲ್ಲೆ: ನೀವು ಹೇಳಿದ ಗುರುತೆಲ್ಲ ಕ್ರಾಂತಿಗೆ ಮೊದಲಿನ ಪ್ಯಾರಿಸ್ ಕೆಲಸಕ್ಕೆ ಹೊಂದುತ್ತವೆ. ದ್ಯುಬುವಾ ಅಂತ ಬರೆದು ಸಹಿ ಹಾಕುವ ಧೈರ್ಯ ನನಗಿಲ್ಲ, ಬರೀ ಮಾತು ಕೇಳಿ ಯಾರೂ ಹಾಕಬಾರದು ಕೂಡ. ಕಣ್ಣಿಂದ ನೋಡಿದವರೇ ಹೇಳಬೇಕು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಹಳೆಯ ಕಲಾಕೃತಿಗಳನ್ನು ಕಾಪಾಡುವ ಇಂಟ್ಯಾಕ್‌ನವರ ಸಂರಕ್ಷಣಾ ಕೇಂದ್ರ ಇದೆ, ಅವರಿಗೆ ಫೋಟೋ ಕಳಿಸಿ ಕೇಳಿ. 60 ಸಾವಿರದವರು ಮತ್ತೆ ಬಂದರೆ ಒಂದು ಮಾತು ನೆನಪಿರಲಿ: 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ಕುಶಲ ಕೆಲಸವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ, ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಪುರಾತತ್ವ ಇಲಾಖೆಯ ವಲಯ ಕಚೇರಿ ಧಾರವಾಡದಲ್ಲೇ ಇದೆ, ಸಂಶಯ ಇದ್ದರೆ ಅಲ್ಲಿ ವಿಚಾರಿಸಬಹುದು.

ಜಮಖಂಡಿ ಹುಡುಗ:

ಆ ಪೆನ್ಸಿಲ್ ಬರಹ ಮೋಡಿ ಲಿಪಿ ಇರಬಹುದು, ಹಿಂದೆ ಮರಾಠಿಯನ್ನು ಕೂಡಿಸಿ ಬರೆಯುತ್ತಿದ್ದ ಲಿಪಿ. ನಮ್ಮ ಮುತ್ಯಾನ ಲೆಕ್ಕದ ಪುಸ್ತಕಗಳೆಲ್ಲ ಅದರಲ್ಲೇ ಇವೆ. ಸಂಸ್ಥಾನದ ಕಾಲದಲ್ಲಿ ಜಮಖಂಡಿ, ಬೆಳಗಾವಿ ಕಡೆ ಬಹಳ ಜನ ಲೆಕ್ಕ ಬರೆಯುತ್ತಿದ್ದದ್ದು ಹಾಗೇ. ನಿಮ್ಮ ಓಣಿಯಲ್ಲಿ ಎಂಬತ್ತು ದಾಟಿದ ಮರಾಠಿ ಅಜ್ಜ ಯಾರಾದರೂ ಇದ್ದರೆ ತೋರಿಸಿ.

ಟಿಳಕವಾಡಿ ಮನೆ:

ಮೋಡಿಯೇ! ಹಿಂದಿನ ಗಲ್ಲಿಯ ಅಜ್ಜ ಒಬ್ಬರು ಭೂತಗನ್ನಡಿ ಹಿಡಿದು ಓದಿದರು. 'ಕೆಳಗಿನ ಖಣ. ಎಡಕ್ಕೆ ಎರಡು ನೂಲು ಕಡಿಮೆ' ಅಂತ ಇದೆಯಂತೆ. ಮರಾಠಿಯಲ್ಲಿ ಖಣ ಅಂದರೆ ಡ್ರಾವರ್. ಹೆಸರಿಲ್ಲ, ತಾರೀಖಿಲ್ಲ. ಮಗ ಹಲಗೆ ಅಳೆದ. ನಿಜವಾಗಿಯೂ ಎಡಗಡೆ ಕಾಲು ಇಂಚು ಕಡಿಮೆ ಇದೆ, ಯಾಕೆಂದರೆ ಡ್ರಾವರ್‌ನ ಎಡ ಪಕ್ಕವೇ ಸ್ವಲ್ಪ ಒಳಗೆ ವಾಲಿದೆ. ಅವರು ಪೆಟ್ಟಿಗೆಯನ್ನು ಕೊಯ್ದು ಸರಿಮಾಡಲು ಹೋಗಿಲ್ಲ, ತಮ್ಮ ಹಲಗೆಯನ್ನೇ ಅದಕ್ಕೆ ತಕ್ಕ ಹಾಗೆ ಕೊಯ್ದಿದ್ದಾರೆ. ಒಂದು ಮೊಳೆ ಕೂಡ ಹೊಡೆದಿಲ್ಲ.

ಶಹಾಪುರದ ಕಾಕಾ, ಆ ಎದ್ದಿರುವ ಮೂಲೆಯನ್ನು ನೀವೇ ಕೂರಿಸಿಕೊಡುತ್ತೀರಾ? ಗಾಡಿ ಕಳಿಸುತ್ತೇನೆ. ಎಷ್ಟು ದಿನವಾದರೂ ಕಾಯುತ್ತೇನೆ.

ಶಹಾಪುರ ಬಡಿಗೇರ:

ಎರಡು ನೂಲು ಅಂತ ಬರೆದಿದ್ದಾರೆ ಅಂದರೆ ನಮ್ಮವರೇ, ಇಂಚಿಗೆ ಎಂಟು ನೂಲು. ನಮ್ಮ ತಂದೆಗೆ ಮೋಡಿ ಬರುತ್ತಿರಲಿಲ್ಲ, ಅವರದ್ದಲ್ಲ. ಯಾರೇ ಇರಲಿ, ಒಳ್ಳೆಯ ಕೈ.

ಬರುತ್ತೇನೆ ತಂಗಿ. ಆದರೆ ಈಗಲ್ಲ. ಮಳೆಗಾಲದಲ್ಲಿ ಸರೇಸು ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ದೀಪಾವಳಿ ಆಗಲಿ, ಗಾಳಿ ಒಣಗಲಿ. ಹಳೆಯ ಸರೇಸು ಇನ್ನೂ ಜೀವ ಇದ್ದರೆ ಬರೀ ಬೆಚ್ಚಗೆ ಮಾಡಿ, ಬಿಸಿ ಉಸುಕಿನ ಚೀಲ ಇಟ್ಟು ಒತ್ತಿದರೂ ಕೂತುಕೊಳ್ಳಬಹುದು, ಹೊಟ್ಟೆ ಉಬ್ಬಿದ ಜಾಗಕ್ಕೆ ಹಲಗೆಗಿಂತ ಉಸುಕೇ ಸರಿ. ಅಲ್ಲಿಯವರೆಗೆ ಎದ್ದ ಜಾಗದ ಮೇಲೆ ತೆಳುವಾದ ಅರಿವೆ ಹಾಕಿ ಸಡಿಲವಾಗಿ ಕಟ್ಟಿಡು, ಸೆಲ್ಲೋಟೇಪ್ ಅಂಟಿಸಬೇಡ, ಕೀಳುವಾಗ ಪಾಲಿಶ್ ಎದ್ದು ಬರುತ್ತದೆ. ಆ ಡ್ರಾವರ್ ದಿನಾ ಎಳೆಯಬೇಡ. ಉದುರಿದ ಚೂರುಗಳನ್ನು ಒಂದು ಪಾಕೀಟಿನಲ್ಲಿ ಹಾಕಿ ಅದರೊಳಗೇ ಇಡು. ಅಕ್ಕಿಕಾಳಿನಷ್ಟು ಚಿಕ್ಕದಿದ್ದರೂ ಬಿಸಾಡಬೇಡ, ಆ ಮರ ನನಗೆ ಇಲ್ಲಿ ಎಲ್ಲೂ ಸಿಗುವುದಿಲ್ಲ.